6 ವರ್ಷದ ಮಗಳ ಕ್ರೆಡಿಟ್ ಫ್ರೀಜ್ ಮಾಡಿಸಿದ್ದು

ಹಾಲುಹಲ್ಲು ಬೀಳುತ್ತಿರುವ ಮಗುವಿಗೆ ಯಾರು ಸಾಲ ಕೊಡ್ತಾರೆ ಅಂತ ನಮ್ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮಗಳಿಗೆ ಆಗ 6 ವರ್ಷ. ನಾವಿರುವುದು ಅಮೆರಿಕದ ಟೆಕ್ಸಾಸಿನಲ್ಲಿ, ಡಾಲಸ್ ಪಕ್ಕದ ಪ್ಲೇನೋದಲ್ಲಿ, ಅವಳು ಹುಟ್ಟಿದ್ದೂ ಇಲ್ಲೇ. ಅವಳ ಹೆಸರಿನಲ್ಲಿರುವ ಆಸ್ತಿ ಅಂದರೆ ಚಿಲ್ಲರೆ ತುಂಬಿದ ಒಂದು ಡಬ್ಬಿ, ಅಜ್ಜಿ ಕೊಟ್ಟ ಒಂದು ಜೊತೆ ಓಲೆ. ಇಂಥವಳ ಕ್ರೆಡಿಟ್ ಫ್ರೀಜ್ ಮಾಡಿಸಲೇಬೇಕು, ಅಂದರೆ ಅವಳ ಗುರುತು ಬಳಸಿ ಯಾರೂ ಹೊಸ ಸಾಲ ಎತ್ತದ ಹಾಗೆ ಬೀಗ ಹಾಕಿಸಬೇಕು ಅಂತ ನಾನು ಹಟ ಹಿಡಿದಿದ್ದೆ.

ಕಾರಣ ಒಂದು ಪತ್ರ. ಅವಳ ಹಲ್ಲು ತೋರಿಸುತ್ತಿದ್ದ ಕ್ಲಿನಿಕ್ಕಿನ ಕಂಪ್ಯೂಟರ್‌ಗಳಿಗೆ ಯಾರೋ ನುಗ್ಗಿದ್ದರಂತೆ. ಹೆಸರು, ಹುಟ್ಟಿದ ದಿನ, ವಿಳಾಸ, ಸೋಶಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ) ಎಲ್ಲ ಹೊರಗೆ ಹೋಗಿರಬಹುದು, ವಿಷಾದಿಸುತ್ತೇವೆ ಅಂತ ಬರೆದಿದ್ದರು. ಜೊತೆಗೆ ಒಂದು ವರ್ಷ ಕ್ರೆಡಿಟ್ ಮಾನಿಟರಿಂಗ್ ಪುಕ್ಕಟೆ.

ಒಂದು ವರ್ಷ! ಮಗಳು ತಾನಾಗಿ ಸಾಲಕ್ಕೆ ಅರ್ಜಿ ಹಾಕುವುದು 18 ತುಂಬಿದ ಮೇಲೆ. ನಂಬರ್ ಕದ್ದವನಿಗೆ ಅಲ್ಲಿಯವರೆಗೆ 12 ವರ್ಷ ಬಿಡುವಿದೆ. ಇವರು ಒಂದು ವರ್ಷ ಕಣ್ಣಿಟ್ಟು ಆಮೇಲೆ ಮನೆಗೆ ಹೋಗುತ್ತಾರೆ. ಮೇಲಾಗಿ ಮಾನಿಟರಿಂಗ್ ಅನ್ನುವುದು ಕಳ್ಳತನ ತಡೆಯುವುದಿಲ್ಲ, ಆದ ಮೇಲೆ ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಅದೇ. ಅದಕ್ಕೂ ಸೈನ್ ಅಪ್ ಮಾಡಿದೆ, ಪುಕ್ಕಟೆ ಬಂದದ್ದನ್ನು ಯಾಕೆ ಬಿಡಬೇಕು. ಆದರೆ ಅದನ್ನೇ ನಂಬಿ ಕೂರಲು ಮನಸ್ಸು ಒಪ್ಪಲಿಲ್ಲ.

ಸೋಶಿಯಲ್ ಸೆಕ್ಯುರಿಟಿ ನಂಬರ್ ಅಂದರೆ 9 ಅಂಕಿ. ಇಲ್ಲಿ ಮಗು ಹುಟ್ಟಿದಾಗ ಆಸ್ಪತ್ರೆಯಲ್ಲೇ ಜನನ ಪತ್ರದ ಫಾರ್ಮ್ ತುಂಬಿಸುತ್ತಾರೆ. ನಂಬರ್ ಬೇಕಾ ಅಂತ ಅದರಲ್ಲೇ ಒಂದು ಚೌಕ ಇರುತ್ತದೆ. ಹೌದು ಅಂತ ಗುರುತು ಹಾಕಿದರೆ ಕೆಲವು ವಾರದಲ್ಲಿ ಕಾರ್ಡ್ ಮನೆಗೆ ಬರುತ್ತದೆ. ಹಿಂದೆ ಹೀಗಿರಲಿಲ್ಲ, ಕೆಲಸಕ್ಕೆ ಸೇರುವಾಗ ತೆಗೆದುಕೊಳ್ಳುತ್ತಿದ್ದರು. 1986ರ ತೆರಿಗೆ ಕಾನೂನು ಬಂದ ಮೇಲೆ, ಮಕ್ಕಳನ್ನು ಅವಲಂಬಿತರು ಅಂತ ತೋರಿಸಿ ತೆರಿಗೆ ಉಳಿಸುವವರು ಅವರ ನಂಬರ್ ಕೊಡಬೇಕಾಯಿತು. ಮುಂದಿನ ವರ್ಷದ ಲೆಕ್ಕದಲ್ಲಿ ಸುಮಾರು 70 ಲಕ್ಷ ಅವಲಂಬಿತರು ಕಾಗದದಿಂದ ಮಾಯವಾದರು ಅಂತ ಇಲ್ಲಿ ಈಗಲೂ ನಗುತ್ತಾ ಹೇಳುತ್ತಾರೆ. ನಾಯಿ, ಬೆಕ್ಕುಗಳೂ ಅದರಲ್ಲಿ ಇದ್ದಿರಬೇಕು. ಅಂತೂ ಈಗ ತೊಟ್ಟಿಲ ಕೂಸಿಗೂ ನಂಬರ್ ಇದೆ.

ಕಾರ್ಡ್ ಬರೀ ಕಾಗದದ್ದು. ಲ್ಯಾಮಿನೇಷನ್ ಮಾಡಿಸಬೇಡಿ ಅಂತ ಬೇರೆ ಹೇಳುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಿಂದ ಹಿಡಿದು ರೇಷನ್ ಕಾರ್ಡಿನವರೆಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಲ್ಯಾಮಿನೇಷನ್ ಮಾಡಿಸಿಯೇ ಅಭ್ಯಾಸವಾದ ನನಗೆ ಇದನ್ನು ಹಾಗೇ ಇಟ್ಟುಕೊಳ್ಳುವುದು ಕಷ್ಟವಾಗಿತ್ತು. ಮಗು ಅದರ ಮೇಲೆ ಸಹಿ ಹಾಕುವುದು 18 ತುಂಬಿದಾಗ, ಅಥವಾ ಮೊದಲ ಕೆಲಸಕ್ಕೆ ಸೇರಿದಾಗ. ಅಲ್ಲಿಯವರೆಗೆ ಸಹಿಯ ಗೆರೆ ಖಾಲಿ.

ದೊಡ್ಡ ಮಗನ ಕಥೆ ಬೇರೆ. ಅವನು ಮೈಸೂರಿನಲ್ಲಿ ಹುಟ್ಟಿದವನು, ಕೆಲಸದ ವೀಸಾದವರ ಮನೆಮಂದಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದವನು. ಎಚ್-4 ಮಕ್ಕಳಿಗೆ ಈ ನಂಬರ್ ಕೊಡುವುದಿಲ್ಲ. ತೆರಿಗೆ ಫಾರ್ಮಿಗಾಗಿ ಐಟಿಐಎನ್ ಅಂತ ಬೇರೆ ನಂಬರ್ ಇದೆ, 9ರಿಂದ ಶುರುವಾಗುತ್ತದೆ. ಒಂದೇ ಮನೆಯಲ್ಲಿ ಒಬ್ಬಳಿಗೆ ಎಲ್ಲರೂ ಕದಿಯಲು ಬಯಸುವ ನಂಬರ್, ಇನ್ನೊಬ್ಬನಿಗೆ ನಂಬರೇ ಇಲ್ಲ. ಗ್ರೀನ್ ಕಾರ್ಡ್ ಬಂದ ದಿನ ಅವನ ವಿಷಯ ನೋಡೋಣ ಅಂತ ಬಿಟ್ಟೆವು. ಆ ಕ್ಯೂ ಯಾವಾಗ ಮುಗಿಯುತ್ತದೋ, ಅದನ್ನು ಕೇಳಬೇಡಿ.

ಈಗ ನಮ್ಮನೆಯವರ ಪ್ರಶ್ನೆಗೆ ಬರೋಣ. ಮಗುವಿಗೆ ಯಾರು ಸಾಲ ಕೊಡುತ್ತಾರೆ? ಮಗುವಿಗೆ ಯಾರೂ ಕೊಡುವುದಿಲ್ಲ, ನಿಜ. ಆದರೆ ಕಳ್ಳ ಮಗುವಿನ ಹೆಸರಿನಲ್ಲಿ ಹೋಗುವುದೇ ಇಲ್ಲ. ನಂಬರ್ ಮಾತ್ರ ಮಗುವಿನದ್ದು. ಹೆಸರು ಒಂದು ಕಟ್ಟಿದ್ದು, ಹುಟ್ಟಿದ ವರ್ಷ 1988 ಅಂತಲೋ ಏನೋ ಒಂದು, ವಿಳಾಸ ಇನ್ನೆಲ್ಲಿಯದ್ದೋ. ಇದನ್ನು ಇಲ್ಲಿ ಸಿಂಥೆಟಿಕ್ ಐಡೆಂಟಿಟಿ ಅಂತಾರೆ. ಬೇರೆ ಬೇರೆ ಚೂರು ಸೇರಿಸಿ ಹೊಲಿದ ಮನುಷ್ಯ.

ಅವನು ಒಂದು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕುತ್ತಾನೆ. ಬ್ಯಾಂಕು ಕ್ರೆಡಿಟ್ ಬ್ಯೂರೋವನ್ನು, ಅಂದರೆ ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ಸಂಸ್ಥೆಯನ್ನು ಕೇಳುತ್ತದೆ. ಇಂಥವರು ಯಾರೂ ನಮ್ಮಲ್ಲಿಲ್ಲ ಅಂತ ಉತ್ತರ ಬರುತ್ತದೆ, ಅರ್ಜಿ ತಿರಸ್ಕಾರ. ಆದರೆ ಬ್ಯಾಂಕು ಕೇಳಿತಲ್ಲ, ಆ ಕೇಳಿದ್ದೇ ಬ್ಯೂರೋದಲ್ಲಿ ದಾಖಲಾಗಿ ಒಂದು ಸಣ್ಣ ಫೈಲ್ ಹುಟ್ಟಿಕೊಳ್ಳುತ್ತದೆ. ಮುಂದಿನ ಸಲ ಇನ್ನೊಂದು ಬ್ಯಾಂಕು ಕೇಳಿದಾಗ ಆ ಹೆಸರಿನವನು ಇದ್ದಾನೆ! ಮೊದಲು 300 ಡಾಲರ್ ಲಿಮಿಟ್ಟಿನ ಕಾರ್ಡ್. ತಿಂಗಳು ತಿಂಗಳು ನಿಯತ್ತಾಗಿ ಕಟ್ಟುತ್ತಾನೆ. ಲಿಮಿಟ್ ಏರುತ್ತದೆ, ಕಾರ್ ಲೋನ್ ಸಿಗುತ್ತದೆ. ಒಂದು ದಿನ ಎಲ್ಲವನ್ನೂ ಎಳೆದುಕೊಂಡು ಕಾಣೆಯಾಗುತ್ತಾನೆ. ಹಾಗೊಬ್ಬ ಮನುಷ್ಯ ಇರಲೇ ಇಲ್ಲವಲ್ಲ, ಹುಡುಕುವುದು ಯಾರನ್ನು? ಸಿಗುವುದು ನಂಬರ್ ಒಂದೇ. ಅದರ ಒಡತಿ ಕಾಲೇಜಿಗೆ ಸೇರುವಾಗ ಲೋನ್ ಕೇಳಲು ಹೋಗಿ ತನ್ನ ತಲೆ ಮೇಲೆ ಏನಿದೆ ಅಂತ ತಿಳಿದುಕೊಳ್ಳುತ್ತಾಳೆ.

ಬ್ಯಾಂಕಿಗೆ ಅನುಮಾನ ಬರಲ್ವಾ ಅಂದರೆ, ಇಲ್ಲಿ ನಮ್ಮಂಥವರ ಪಾತ್ರವೂ ಸ್ವಲ್ಪ ಇದೆ. ಮುಂಚೆ ಈ ನಂಬರಿನ ಮೊದಲ 3 ಅಂಕಿ ನೋಡಿದರೆ ಯಾವ ರಾಜ್ಯದಲ್ಲಿ ಕೊಟ್ಟಿದ್ದು ಅಂತ ಗೊತ್ತಾಗುತ್ತಿತ್ತು. ಯಾವ ಕಾಲದಲ್ಲಿ ಕೊಟ್ಟಿದ್ದು ಅಂತಲೂ ಅಂದಾಜು ಮಾಡಬಹುದಿತ್ತು. 2011ರ ಜೂನ್ 25ರಿಂದ ನಂಬರ್‌ಗಳನ್ನು ಯಾವ ಕ್ರಮವೂ ಇಲ್ಲದೆ ಕೊಡುತ್ತಿದ್ದಾರೆ. ಜನರ ನಂಬರನ್ನು ಊಹಿಸಲು ಆಗಬಾರದು ಅನ್ನುವ ಒಳ್ಳೆಯ ಉದ್ದೇಶಕ್ಕೇ ಮಾಡಿದ್ದು. ಆದರೆ ಈಗ ಒಂದು ನಂಬರ್ ನೋಡಿ ಇದು ಮಗುವಿನದ್ದೋ ದೊಡ್ಡವರದ್ದೋ ಹೇಳಲಾಗುವುದಿಲ್ಲ. 30 ದಾಟಿದವರ ಹತ್ತಿರ ಯಾವ ಚರಿತ್ರೆಯೂ ಇಲ್ಲದ ಹೊಸ ನಂಬರ್ ಇದ್ದರೆ ಅದು ವಿಚಿತ್ರವೂ ಅಲ್ಲ. ನಾನೇ ಹಾಗೆ ಬಂದವಳು. ಎಚ್-1ಬಿಯಲ್ಲಿ ಬೆಂಗಳೂರಿನಿಂದ ಇಳಿದವರೆಲ್ಲ ಹಾಗೆಯೇ ಬಂದವರು. ಬ್ಯಾಂಕಿನ ಕಣ್ಣಿಗೆ ನಾನೂ, ಮಗುವಿನ ನಂಬರಿನ ಹಿಂದೆ ಅಡಗಿರುವವನೂ ಒಂದೇ ಥರ ಕಾಣುತ್ತೇವೆ. ನನಗೆ ಬಂದ ಹೊಸದರಲ್ಲಿ ಯಾವ ಬ್ಯಾಂಕೂ ಕಾರ್ಡ್ ಕೊಡಲಿಲ್ಲ, ಡಿಪಾಸಿಟ್ ಇಟ್ಟು ತೊಗೊಂಡೆ ಅನ್ನುವುದು ಬೇರೆ ಮಾತು. ಆ ಸಿಟ್ಟು ಇನ್ನೂ ಇದೆ.

ಇದೆಲ್ಲ ಎಷ್ಟು ಜನಕ್ಕೆ ಆಗುತ್ತೆ, ಸುಮ್ನೆ ಹೆದರಿಸ್ತೀಯ ಅಂದರು ನಮ್ಮನೆಯವರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸೈಲ್ಯಾಬ್ 2011ರಲ್ಲಿ ತಂದ ವರದಿ ತೋರಿಸಿದೆ. 40,000ಕ್ಕೂ ಹೆಚ್ಚು ಮಕ್ಕಳ ನಂಬರ್ ಪರಿಶೀಲಿಸಿದಾಗ ಶೇ 10.2ರಷ್ಟು ಮಕ್ಕಳ ನಂಬರನ್ನು ಬೇರೆ ಯಾರೋ ಬಳಸುತ್ತಿದ್ದರು. ಅದೇ ದೊಡ್ಡವರಲ್ಲಿ ಶೇ 0.2. ಆ ಮಕ್ಕಳ ಮಾಹಿತಿ ಮೊದಲೇ ಎಲ್ಲೋ ಸೋರಿಕೆಯಾಗಿತ್ತು, ಹಾಗಾಗಿ ಎಲ್ಲ ಮಕ್ಕಳಿಗೂ ಈ ಲೆಕ್ಕ ಹಿಡಿಯುವುದು ತಪ್ಪು. ಆದರೆ ನಮ್ಮ ಮಗಳದ್ದೂ ಸೋರಿಕೆಯಾಗಿದೆ ಅಲ್ವಾ? ಅಲ್ಲಿಗೆ ಅವರು ಸುಮ್ಮನಾದರು.

ಫ್ರೀಜ್ ಅಂದರೆ ಇಷ್ಟೇ. ಈ ನಂಬರಿನ ಕ್ರೆಡಿಟ್ ಫೈಲನ್ನು ಹೊಸದಾಗಿ ಸಾಲ ಕೊಡುವವರಿಗೆ ತೋರಿಸಬೇಡಿ ಅಂತ ಬ್ಯೂರೋಗಳಿಗೆ ಹೇಳುವುದು. ಫೈಲ್ ಕಾಣದಿದ್ದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ದೊಡ್ಡ ಬ್ಯೂರೋಗಳು ಮೂರು: ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್. ನಮ್ಮ ಊರಿನವರಿಗೆ ಸಿಬಿಲ್ ಗೊತ್ತಲ್ಲ, ಅದರ ಪೂರ್ತಿ ಹೆಸರು ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್. ಉಳಿದ ಎರಡೂ ಭಾರತದಲ್ಲಿ ಅಂಗಡಿ ಇಟ್ಟಿವೆ. ಒಂದಕ್ಕೆ ಹೇಳಿದರೆ ಇನ್ನೊಂದಕ್ಕೆ ತಿಳಿಯುವುದಿಲ್ಲ, ಮೂರಕ್ಕೂ ಬೇರೆ ಬೇರೆಯಾಗಿಯೇ ಹೇಳಬೇಕು.

ಮಕ್ಕಳ ಫ್ರೀಜ್‌ಗೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 2018ರಲ್ಲಿ. ಮೇ 24ಕ್ಕೆ ಸಹಿ ಬಿತ್ತು, ಸೆಪ್ಟೆಂಬರ್ 21ರಿಂದ ಜಾರಿ. ಅದಕ್ಕೂ ಮುಂಚೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ, ಎಷ್ಟೋ ಕಡೆ ದುಡ್ಡು ಬೇರೆ. ಈಗ ಎಲ್ಲರಿಗೂ ಪುಕ್ಕಟೆ. 16 ತುಂಬದ ಮಕ್ಕಳ ಪರವಾಗಿ ಅಪ್ಪ, ಅಮ್ಮ ಅಥವಾ ಪೋಷಕರು ಕೇಳಬಹುದು. ಮಗುವಿನ ಹೆಸರಿನಲ್ಲಿ ಫೈಲೇ ಇಲ್ಲದಿದ್ದರೆ, ಫ್ರೀಜ್ ಮಾಡುವುದಕ್ಕಾಗಿಯೇ ಒಂದು ದಾಖಲೆ ತೆರೆದು ಅದನ್ನು ಮುಚ್ಚಿಡಬೇಕು ಅನ್ನುತ್ತದೆ ಕಾನೂನು. ಆ ದಾಖಲೆಯನ್ನು ಸಾಲ ಕೊಡುವ ಲೆಕ್ಕಾಚಾರಕ್ಕೆ ಬಳಸುವಂತಿಲ್ಲ. ಇದು ನನಗೆ ಬಹಳ ಹಿಡಿಸಿತು.

ನಮ್ಮ ಸ್ವಂತ ಫ್ರೀಜ್ ಮಾಡುವುದು ಸುಲಭ. ರಾತ್ರಿ ಪಾತ್ರೆ ತೊಳೆದು ಬಂದು ಫೋನಿನಲ್ಲೇ ಮುಗಿಸಿದ್ದೆ. ಮಕ್ಕಳದ್ದು ಹಾಗಲ್ಲ. ನೀನು ನಿಜವಾಗಿ ತಾಯಿ ಹೌದೋ ಅಲ್ಲವೋ ಅಂತ ಕಾಗದದ ಮೇಲೆ ತೋರಿಸಬೇಕು, ಅಂಚೆಯಲ್ಲಿ ಕಳಿಸಬೇಕು. ಅದರಲ್ಲೂ ಒಂದು ನ್ಯಾಯ ಇದೆ. ಮಗುವಿನ ನಂಬರ್ ಕದಿಯುವವರಲ್ಲಿ ಮನೆಯವರು, ನೆಂಟರು ಎಷ್ಟೋ ಸಲ ಇರುತ್ತಾರೆ. ಕರೆಂಟ್ ಬಿಲ್ ಬಾಕಿ ಬಿದ್ದು ತಮ್ಮ ಹೆಸರು ಕೆಟ್ಟಾಗ ಮಗುವಿನ ಹೆಸರಿನಲ್ಲಿ ಕನೆಕ್ಷನ್ ತೆಗೆದುಕೊಳ್ಳುವ ಅಪ್ಪಂದಿರಿದ್ದಾರೆ. ಹೆತ್ತವರ ಹತ್ತಿರ ಇರಲಾಗದ ಮಕ್ಕಳನ್ನು ಸರ್ಕಾರ ಬೇರೆ ಮನೆಗಳಲ್ಲಿ ಇರಿಸಿ ಸಾಕುತ್ತದಲ್ಲ, ಆ ಮಕ್ಕಳ ಕಾಗದ ಎಷ್ಟೋ ಕೈ ದಾಟುತ್ತದೆ. ಅದಕ್ಕೇ 14 ತುಂಬಿದ ಮೇಲೆ ಅವರ ಕ್ರೆಡಿಟ್ ವರದಿಯನ್ನು ಪ್ರತಿ ವರ್ಷ ತೆಗೆಸಿ ನೋಡಬೇಕು ಅಂತ ಇಲ್ಲಿ ಕಾನೂನೇ ಇದೆ.

ಕಳಿಸಬೇಕಾದ್ದು ಇವು. ಮಗುವಿನ ಜನನ ಪತ್ರದ ಪ್ರತಿ, ಅದರಲ್ಲಿ ತಂದೆ ತಾಯಿಯ ಹೆಸರು ಇರಲೇಬೇಕು. ಮಗುವಿನ ಸೋಶಿಯಲ್ ಸೆಕ್ಯುರಿಟಿ ಕಾರ್ಡಿನ ಪ್ರತಿ. ಅರ್ಜಿ ಹಾಕುವ ನಮ್ಮ ಡ್ರೈವಿಂಗ್ ಲೈಸೆನ್ಸ್, ನಮ್ಮ ಸೋಶಿಯಲ್ ಸೆಕ್ಯುರಿಟಿ ಕಾರ್ಡ್. ವಿಳಾಸಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟೋ ಕರೆಂಟ್ ಬಿಲ್ಲೋ. ಓದುವುದಕ್ಕೆ ಸುಲಭವಾಗಿದೆ. ಆದರೆ ಕನ್ನಡದವರ ಮನೆಯಲ್ಲಿ ಇಷ್ಟರಲ್ಲೂ ಒಂದೇ ಹೆಸರು ಇರಬೇಕಲ್ಲ!

ನಮ್ಮನೆಯವರ ಹೆಸರಿನ ಮುಂದೆ ಎರಡು ಇನಿಷಿಯಲ್. ಒಂದು ಊರು, ಇನ್ನೊಂದು ಅವರ ಅಪ್ಪ. ಮೊದಲ ಪಾಸ್‌ಪೋರ್ಟ್ ಮಾಡಿಸುವಾಗ ಎಲ್ಲವನ್ನೂ ಬಿಡಿಸಿ ಬರೆದು ಗಿವನ್ ನೇಮ್ ಅನ್ನುವ ಕಡೆ ತುಂಬಿದರು, ಸರ್‌ನೇಮ್ ಖಾಲಿ. ಅಮೆರಿಕದ ವೀಸಾದವರು ಅಷ್ಟನ್ನೂ ಎತ್ತಿ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕಿದರು. ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಡ್ರೈವಿಂಗ್ ಲೈಸೆನ್ಸ್‌ನಲ್ಲೂ ಅದೇ ಬಂತು. ಆಮೇಲೆ ಎಷ್ಟೋ ವರ್ಷ ಬ್ಯಾಂಕಿನವರು "ಡಿಯರ್ ಫ್ನು" ಅಂತ ಪತ್ರ ಬರೆದರು. ಹ್ಯೂಸ್ಟನ್ ಕಾನ್ಸುಲೇಟಿನಿಂದ ಪಾಸ್‌ಪೋರ್ಟ್ ರಿನ್ಯೂ ಮಾಡಿಸುವಾಗ ಸರಿಪಡಿಸಿಕೊಂಡರು. ಆದರೆ ಹಳೆಯ ಕಾಗದ ಹಳೆಯದೇ. ಮಗಳ ಜನನ ಪತ್ರದಲ್ಲಿರುವುದು ಇವರ ಹಳೆಯ ಉದ್ದನೆಯ ಹೆಸರು, ಲೈಸೆನ್ಸ್‌ನಲ್ಲಿ ಈಗ ಹೊಸ ಹೆಸರು. ಮಗಳ ಸರ್‌ನೇಮ್ ಅಂದರೆ ಇವರ ಸ್ವಂತ ಹೆಸರು, ಅದು ಇವರ ಲೈಸೆನ್ಸ್‌ನಲ್ಲಿ ಸರ್‌ನೇಮಿನ ಜಾಗದಲ್ಲಿ ಇಲ್ಲ. ಅಟ್ಲಾಂಟಾದ ಈಕ್ವಿಫ್ಯಾಕ್ಸ್‌ನಲ್ಲಿ ಕೂತು ಕವರ್ ಒಡೆಯುವ ಗುಮಾಸ್ತ ಇದನ್ನೆಲ್ಲ ಹೇಗೆ ಬಿಡಿಸಿಕೊಳ್ಳಬೇಕು?

ನನ್ನ ಕಾಗದ ಮಾತ್ರ ಒಂದೇ ರೀತಿ ಇದ್ದವು. ಮದುವೆಯಾದ ಮೇಲೆ ಹೆಸರು ಬದಲಿಸಲಿಲ್ಲ, ನನ್ನ ಸರ್‌ನೇಮ್ ನಮ್ಮಪ್ಪನ ಹೆಸರೇ. ಇಲ್ಲಿ ಜನನ ಪತ್ರದಲ್ಲಿ ತಾಯಿಯ ಮದುವೆಗೆ ಮುಂಚಿನ ಹೆಸರು ಹಾಕುತ್ತಾರೆ. ನನಗೆ ಎರಡೂ ಒಂದೇ. ಹಾಗಾಗಿ ಮಗಳ ಸರ್‌ನೇಮ್ ನನ್ನದಕ್ಕೆ ತಾಳೆಯಾಗದಿದ್ದರೂ, ಜನನ ಪತ್ರದ ನನ್ನ ಹೆಸರು ಲೈಸೆನ್ಸ್‌ಗೆ ಅಕ್ಷರ ಅಕ್ಷರ ತಾಳೆಯಾಗುತ್ತಿತ್ತು. ಅವರು ಹೋಲಿಸಿ ನೋಡುವುದು ಅದನ್ನೇ. ಅರ್ಜಿ ನನ್ನ ಹೆಸರಿನಲ್ಲೇ ಹೋಗಲಿ ಅಂತ ತೀರ್ಮಾನವಾಯಿತು. ಮನೆಯ ಕರೆಂಟ್, ನೀರು ಎಲ್ಲ ಅವರ ಹೆಸರಿನಲ್ಲಿತ್ತು, ಅದಕ್ಕೆ ವಿಳಾಸಕ್ಕೆ ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆ. ಅದರಲ್ಲಿ ಖರ್ಚಿನ ಸಾಲುಗಳ ಮೇಲೆ ಕಪ್ಪು ಮಾರ್ಕರ್ ಎಳೆದೆ. ಪಟೇಲ್ ಬ್ರದರ್ಸ್ ದಿನಸಿ ಅಂಗಡಿಗೆ ತಿಂಗಳಿಗೆ ಎಷ್ಟು ಸುರಿಯುತ್ತೇನೆ ಅನ್ನುವುದು ಅವರಿಗೆ ಯಾಕೆ?

ಮೊದಲು ಮಗಳ ಹೆಸರಿನಲ್ಲಿ ಫೈಲ್ ಏನಾದರೂ ಇದೆಯಾ ಅಂತ ತಿಳಿಯಬೇಕಿತ್ತು. ಅದನ್ನೂ ಬ್ಯೂರೋಗಳನ್ನೇ ಕೇಳಬೇಕು. ಇದೇ ಪತ್ರದಲ್ಲಿ ಸೇರಿಸಿ ಬರೆದೆ. ಈ ನಂಬರಿನಲ್ಲಿ ಏನಾದರೂ ಇದ್ದರೆ ವರದಿ ಕಳಿಸಿ, ಇಲ್ಲದಿದ್ದರೆ ದಾಖಲೆ ತೆರೆದು ಫ್ರೀಜ್ ಮಾಡಿ ಅಂತ. ಹೆಸರಿನಿಂದ ಮಾತ್ರ ಅಲ್ಲ, ನಂಬರಿನಿಂದಲೂ ಹುಡುಕಿ ಅಂತ ಒಂದು ಸಾಲು ಜಾಸ್ತಿ ಹಾಕಿದೆ. ಕಳ್ಳ ಬೇರೆ ಹೆಸರು ಇಟ್ಟುಕೊಂಡಿರುತ್ತಾನಲ್ಲ. ಈಕ್ವಿಫ್ಯಾಕ್ಸ್‌ಗೆ ಅದರದೇ ಫಾರ್ಮ್ ಇದೆ, ಇಳಿಸಿಕೊಂಡು ತುಂಬಬೇಕು. ಮಿಕ್ಕ ಎರಡಕ್ಕೆ ಪತ್ರ ಬರೆದೆ.

ಜೆರಾಕ್ಸ್ ಮಾಡಿಸಲು ಊರಿನ ಲೈಬ್ರರಿಗೆ ಹೋದೆ. ಸೋಶಿಯಲ್ ಸೆಕ್ಯುರಿಟಿ ಕಾರ್ಡಿನ ಹಿನ್ನೆಲೆಯಲ್ಲಿ ತಿಳಿನೀಲಿ ಗೆರೆಗಳಿವೆ. ಯಂತ್ರದಲ್ಲಿ ಕಪ್ಪು ಜಾಸ್ತಿ ಇಟ್ಟರೆ ಗೆರೆಗಳು ಬಂದು ಅಂಕಿ ಮುಚ್ಚುತ್ತವೆ, ಕಮ್ಮಿ ಇಟ್ಟರೆ ಅಂಕಿಯೇ ಮಂಕು. ಲೈಸೆನ್ಸ್ ಪ್ರತಿಯಲ್ಲಿ ನನ್ನ ಮುಖ ಮಸಿ ಬಳಿದ ಹಾಗಿತ್ತು. ಓದಲು ಆಗದ ಪ್ರತಿ ಬಂದರೆ ವಾಪಸ್ ಕಳಿಸುತ್ತಾರೆ ಅಂತ ಕೇಳಿದ್ದೆ, ಹಾಗಾಗಿ ಒಂದೊಂದನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಕಾರ್ಡುಗಳನ್ನು ದೊಡ್ಡದು ಮಾಡಿ ಮತ್ತೆ ತೆಗೆದೆ. ಮುಗಿದ ಮೇಲೆ ಯಂತ್ರದ ಗಾಜಿನ ಮೇಲೆ ಮಗಳ ಕಾರ್ಡ್ ಉಳಿದಿಲ್ಲ ತಾನೇ ಅಂತ ಮುಚ್ಚಳ ಎತ್ತಿ ನೋಡಿದೆ. ಹಾಳಾದ ಪ್ರತಿಗಳನ್ನೂ ಅಲ್ಲಿಯ ಕಸದ ಬುಟ್ಟಿಗೆ ಹಾಕದೆ ಮನೆಗೆ ತಂದು ಚೂರು ಮಾಡಿದೆ.

ಮನೆಯಲ್ಲಿ ಊಟದ ಮೇಜಿನ ಮೇಲೆ ಮೂರು ಕಟ್ಟು ಮಾಡಿಟ್ಟಾಗ ಸಂಕಟವಾಯಿತು. ಮಗಳ ಹೆಸರು, ಹುಟ್ಟಿದ ದಿನ, ನಂಬರ್, ವಿಳಾಸ, ಅಮ್ಮನ ನಂಬರ್ ಎಲ್ಲ ಒಂದೇ ಕವರಿನಲ್ಲಿ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಬಾಗಿನ ಬೇಕಾ? ಅದೂ ಕಳಿಸುವುದು ಯಾರಿಗೆ? ಮೂರರಲ್ಲಿ ಒಂದಾದ ಈಕ್ವಿಫ್ಯಾಕ್ಸ್ 2017ರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಕಳೆದುಕೊಂಡ ಸಂಸ್ಥೆ. ಆ ರಾದ್ಧಾಂತದ ಮರುವರ್ಷವೇ ಫ್ರೀಜ್ ಪುಕ್ಕಟೆ ಮಾಡುವ ಕಾನೂನು ಬಂದದ್ದು. ನಮ್ಮ ಒಪ್ಪಿಗೆ ಕೇಳದೆ ನಮ್ಮ ಬಗ್ಗೆ ಫೈಲ್ ಕಟ್ಟಿ ಮಾರುವವರು ಅವರು, ಕಟ್ಟಬೇಡಿ ಅಂತ ಜೆರಾಕ್ಸ್ ಹೊತ್ತು ಬೇಡಬೇಕಾದವರು ನಾವು. ಮಗು ಹುಟ್ಟಿದ ದಿನವೇ ಫ್ರೀಜ್ ಆಗಿದ್ದು, ಬೇಕಾದಾಗ ತೆಗೆಯುವ ಹಾಗಿದ್ದರೆ ಯಾರಿಗೆ ನಷ್ಟ? ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪೋಸ್ಟ್ ಆಫೀಸಿನಲ್ಲಿ ಸರ್ಟಿಫೈಡ್ ಮೇಲ್ ಮಾಡಿಸಿದೆ, ರಿಟರ್ನ್ ರಿಸೀಟ್ ಸಮೇತ. ಊರಲ್ಲಿ ರಿಜಿಸ್ಟರ್ಡ್ ಪೋಸ್ಟಿಗೆ ಅಕ್ನಾಲೆಜ್‌ಮೆಂಟ್ ಕಾರ್ಡ್ ಅಂಟಿಸುತ್ತಿದ್ದೆವಲ್ಲ, ಅಂಥದ್ದೇ. ಹಸಿರು ಬಣ್ಣದ ಕಾರ್ಡ್, ಅಲ್ಲಿ ಪಡೆದವರು ಸಹಿ ಹಾಕಿದರೆ ನಮಗೆ ವಾಪಸ್ ಬರುತ್ತದೆ. ಕೌಂಟರಿನ ಹೆಂಗಸು ವಿಳಾಸಗಳನ್ನು ನೋಡಿ, "ಮಗುವಿಂದಾ?" ಅಂತ ಕೇಳಿದಳು. ಹೌದು ಅಂದೆ. "ಮೊಮ್ಮಗಂದು ಮಾಡ್ಸಿದೀನಿ, ಹಸಿರು ಕಾರ್ಡ್ ಬಿಸಾಕಬೇಡ" ಅಂದಳು.

ಮೂರು ಕವರ್ ಹೋದದ್ದು ಅಟ್ಲಾಂಟಾಗೆ, ಪೆನ್ಸಿಲ್ವೇನಿಯಾಗೆ, ಮತ್ತು ಆಲನ್‌ಗೆ. ಎಕ್ಸ್‌ಪೀರಿಯನ್ ಪೋಸ್ಟ್ ಬಾಕ್ಸ್ ಇರುವುದು ಟೆಕ್ಸಾಸಿನ ಈ ಆಲನ್‌ನಲ್ಲಿ. ಪ್ಲೇನೋ ಮುಗಿದ ಕೂಡಲೇ ಆಲನ್. ಶನಿವಾರ ಔಟ್‌ಲೆಟ್ ಮಾಲಿಗೆ ಅಂತ ನಾವು ಹೋಗುವ ಊರು. "ನಾನೇ ಹೋಗಿ ಕೊಟ್ಟು ಬರ್ಲಾ?" ಅಂದರು ನಮ್ಮನೆಯವರು. "ಪೋಸ್ಟ್ ಬಾಕ್ಸ್ ರೀ, ಯಾರ ಕೈಗೆ ಕೊಡ್ತೀರಾ?" ಅಂದೆ.

ಅಂಚೆಯಲ್ಲಿ ಬಂದ ಕೋರಿಕೆಯನ್ನು ಕೈಗೆ ಸಿಕ್ಕ 3 ಕೆಲಸದ ದಿನದೊಳಗೆ ಮಾಡಬೇಕು ಅಂತ ಕಾನೂನು. ಹಸಿರು ಕಾರ್ಡುಗಳು ವಾಪಸ್ ಬಂದವು. ಆಮೇಲೆ ಒಂದು ಸಂಸ್ಥೆಯ ಪತ್ರ ಬಂತು. ಈ ಮಗುವಿನ ಹೆಸರಿನಲ್ಲಿ ಯಾವ ಕ್ರೆಡಿಟ್ ಫೈಲೂ ಇರಲಿಲ್ಲ, ದಾಖಲೆ ತೆರೆದು ಫ್ರೀಜ್ ಮಾಡಿದ್ದೇವೆ ಅಂತ. ನಿಂತಲ್ಲೇ ಇನ್ನೊಂದು ಸಲ ಓದಿದೆ. ಫೈಲ್ ಇಲ್ಲ ಅನ್ನುವುದೇ ಇಲ್ಲಿ ಸಿಹಿ ಸುದ್ದಿ. ಎರಡನೆಯದೂ ಹಾಗೇ ಬಂತು.

ಮೂರನೆಯದು ಸತಾಯಿಸಿತು. ಯಾವುದು ಅಂತ ಹೇಳುವುದಿಲ್ಲ. ತಾಯಿ ಅನ್ನುವುದಕ್ಕೆ ಪುರಾವೆ ಕಳಿಸಿ ಅಂತ ಪತ್ರ ಬರೆದರು. ಜನನ ಪತ್ರದ ಪ್ರತಿ ಕವರಿನಲ್ಲಿ ಇತ್ತು, ಇಡುವಾಗ ಫೋನಿನಲ್ಲಿ ಫೋಟೋ ಹೊಡೆದುಕೊಂಡಿದ್ದೆ. ಫೋನ್ ಮಾಡಿದೆ. ಯಂತ್ರದ ದನಿ ಮಗುವಿನ ನಂಬರ್ ಒತ್ತಿ ಅಂತು. ಒತ್ತಿದೆ. ಇಂಥ ದಾಖಲೆ ಇಲ್ಲ, ಸರಿಯಾಗಿ ನೋಡಿ ಒತ್ತಿ ಅಂತು. ದಾಖಲೆ ಇಲ್ಲದಿರುವುದಕ್ಕೇ ತಾನೇ ನಾನು ಬರೆದದ್ದು! ಏನೇನೋ ಒತ್ತಿ ಕೊನೆಗೆ ಮನುಷ್ಯರ ದನಿ ಸಿಕ್ಕಿತು. ಮಕ್ಕಳ ಅರ್ಜಿ ನಮಗೆ ಇಲ್ಲಿ ಕಾಣುವುದಿಲ್ಲ, ಅದು ಬೇರೆ ವಿಭಾಗ, ಅಲ್ಲಿಗೆ ಫೋನಿಲ್ಲ, ಮತ್ತೆ ಕಳಿಸಿ ಅಂದರು ಆಕೆ. ಪಾಪ, ಆಕೆಯ ಮೇಲೆ ರೇಗಿ ಏನು ಪ್ರಯೋಜನ. ಮತ್ತೆ ಅಷ್ಟೂ ಕಟ್ಟು ಕಳಿಸಿದೆ. ಈ ಸಲ ಜನನ ಪತ್ರದ ಪ್ರತಿಯಲ್ಲಿ ನನ್ನ ಹೆಸರಿನ ಮೇಲೆ ಹಳದಿ ಹೈಲೈಟರ್ ಎಳೆದೆ, ಲೈಸೆನ್ಸ್ ಪ್ರತಿಯಲ್ಲೂ ಎಳೆದೆ, ಅವರ ಪತ್ರದ ಮೇಲಿದ್ದ ಉಲ್ಲೇಖ ಸಂಖ್ಯೆಯನ್ನು ಪ್ರತಿ ಹಾಳೆಯ ತಲೆಯ ಮೇಲೆ ಬರೆದೆ. ಹೈಲೈಟರ್ ಕೆಲಸ ಮಾಡಿತೋ, ಬೇರೆ ಯಾರ ಕೈಗೆ ಸಿಕ್ಕಿತೋ, ಈ ಸಲ ಆಯಿತು.

ಇಷ್ಟಾದರೆ ನಿಶ್ಚಿಂತೆಯಾ ಅಂತ ಅತ್ತೆ ಮೈಸೂರಿನಿಂದ ಫೋನಿನಲ್ಲಿ ಕೇಳಿದರು. ಅವರಿಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಟ್ಟವಳು ನಾನೇ, ಅದಕ್ಕೆ ಅವರಿಗೆ ಇದರ ತಲೆಬುಡ ಗೊತ್ತು. "ಪೂರ್ತಿ ಇಲ್ಲ ಅತ್ತೆ" ಅಂದೆ. ಸಾಲಕ್ಕೆ ಮಾತ್ರ ಇದು ಅಡ್ಡ. ನಂಬರ್ ತೋರಿಸಿ ಕೆಲಸಕ್ಕೆ ಸೇರುವುದು, ಅವಳ ಹೆಸರಿನಲ್ಲಿ ಚಿಕಿತ್ಸೆ ಪಡೆಯುವುದು, ಅವಳನ್ನು ತಮ್ಮ ಮಗು ಅಂತ ತೋರಿಸಿ ತೆರಿಗೆ ವಾಪಸ್ ತೆಗೆದುಕೊಳ್ಳುವುದು, ಇವಕ್ಕೆ ಕ್ರೆಡಿಟ್ ಫೈಲ್ ನೋಡುವವರು ಯಾರು? ತೆರಿಗೆಗೆ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಐಪಿ ಪಿನ್ ಅಂತ 6 ಅಂಕಿಯ ಗುಪ್ತಸಂಖ್ಯೆ ಕೊಡುತ್ತದೆ, ವರ್ಷ ವರ್ಷ ಬದಲಾಗುತ್ತದೆ. ಅವಲಂಬಿತ ಮಕ್ಕಳಿಗೂ ಅದನ್ನು ಪಡೆಯಬಹುದು. ಬ್ಯಾಂಕ್ ಖಾತೆ ತೆರೆಯುವವರನ್ನು ತಡೆಯಲು ಚೆಕ್ಸ್‌ಸಿಸ್ಟಮ್ಸ್ ಅಂತ ಬೇರೆ ಸಂಸ್ಥೆ, ಅಲ್ಲೂ ಫ್ರೀಜ್ ಇದೆ. ಇನೋವಿಸ್ ಅಂತ ನಾಲ್ಕನೇ ಬ್ಯೂರೋ ಒಂದಿದೆ. ಅಷ್ಟು ದೂರ ನಾನು ಹೋಗಲಿಲ್ಲ. ಐಪಿ ಪಿನ್ ಕೆಲಸ ಮಾತ್ರ ಈ ಚಳಿಗಾಲಕ್ಕೆ ಇಟ್ಟುಕೊಂಡಿದ್ದೇನೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಚಿಕ್ಕ ಅಭ್ಯಾಸ. ಫಾರ್ಮಿನಲ್ಲಿ ಈ ನಂಬರ್ ಕೇಳುವ ಚೌಕ ಖಾಲಿ ಬಿಡುವುದು. ಈಗ ಹೋಗುವ ಹೊಸ ಹಲ್ಲಿನ ಡಾಕ್ಟರ ಹತ್ತಿರವೂ ಅದೇ ಫಾರ್ಮ್, ಮಗುವಿನ ಹೆಸರಿನ ಕೆಳಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಅಂತ. ಇನ್ಶೂರೆನ್ಸ್ ಕಾರ್ಡಿನ ನಂಬರ್ ಬರೆದು ಅದನ್ನು ಹಾಗೇ ಬಿಟ್ಟೆ. ಕೌಂಟರಿನ ಹುಡುಗಿ ಫಾರ್ಮ್ ತಿರುಗಿಸಿ ನೋಡಿ ಒಳಗೆ ತೊಗೊಂಡು ಹೋದಳು. ಒಂದು ಮಾತೂ ಕೇಳಲಿಲ್ಲ. ಸ್ಕೂಲಿಗೆ ಸೇರಿಸುವುದಕ್ಕೂ ಅದು ಕಡ್ಡಾಯವಲ್ಲ, ಟೆಕ್ಸಾಸಿನಲ್ಲಿ ಕೊಡದವರಿಗೆ ಬದಲಿ ನಂಬರ್ ಹಾಕಿಕೊಳ್ಳುತ್ತಾರೆ. ನಂಬರೇ ಇಲ್ಲದ ನಮ್ಮ ಮಗ ಆರಾಮಾಗಿ ಓದುತ್ತಿಲ್ಲವಾ? 2015ರಲ್ಲಿ ಆಂಥೆಮ್ ಅನ್ನುವ ವಿಮಾ ಕಂಪನಿಯಿಂದ ಸುಮಾರು 7.88 ಕೋಟಿ ಜನರ ಮಾಹಿತಿ ಹೋದಾಗ ಅದರಲ್ಲಿ ಮಕ್ಕಳದ್ದೂ ಇತ್ತು. ಕೊಡದೇ ಇದ್ದರೆ ಕದಿಯಲು ಏನಿರುತ್ತದೆ.

ಯುಗಾದಿಗೆ ಕನ್ನಡ ಸಂಘದ ಊಟದ ಸಾಲಿನಲ್ಲಿ ಇದೇ ಮಾತು ಬಂತು. ಒಬ್ಬರು ಇದನ್ನು ಒಪ್ಪಲಿಲ್ಲ. ಅವರು ಮಗನನ್ನು ತಮ್ಮ ಕ್ರೆಡಿಟ್ ಕಾರ್ಡಿಗೆ ಆಥರೈಸ್ಡ್ ಯೂಸರ್, ಅಂದರೆ ಅವರ ಖಾತೆಯ ಕಾರ್ಡನ್ನೇ ಬಳಸಬಹುದಾದವನು ಅಂತ ಸೇರಿಸಿದ್ದಾರೆ, 18 ಆಗುವಷ್ಟರಲ್ಲಿ ಒಳ್ಳೆಯ ಕ್ರೆಡಿಟ್ ಸ್ಕೋರ್ ಇರಲಿ ಅಂತ. "ನೀವು ಬಾಗ್ಲು ಹಾಕ್ತಿದೀರ, ನಾನು ತೆಗೀತಿದೀನಿ" ಅಂದರು. ಹಾಗೇನಿಲ್ಲ. ಕಾರ್ಡಿನವರು ಮಗನ ಹೆಸರಿಗೆ ವರದಿ ಮಾಡುವುದನ್ನು ಫ್ರೀಜ್ ತಡೆಯುವುದಿಲ್ಲ, ಹೊಸ ಸಾಲ ಕೇಳುವವರನ್ನು ತಡೆಯುತ್ತದೆ. ಎರಡೂ ಒಟ್ಟಿಗೆ ಇರಬಹುದು. ನನ್ನನ್ನು ಕೇಳಿದರೆ 15 ವರ್ಷದ ಹುಡುಗನಿಗೆ ಸ್ಕೋರ್ ಕಟ್ಟುವ ಅವಸರ ಅಪ್ಪ ಅಮ್ಮಂದಿರ ರೇಸು, ಹುಡುಗನದ್ದಲ್ಲ. ಆದರೆ ಹೋಳಿಗೆ ಬಡಿಸುವಾಗ ಅದನ್ನೆಲ್ಲ ಹೇಳಬಾರದು, ಹೇಳಲಿಲ್ಲ.

ಅವರ ಹೆಂಡತಿ ಮಾತ್ರ ನನ್ನ ಪತ್ರದ ಪ್ರತಿ ಕೇಳಿದರು. ವಾಟ್ಸಾಪಿನಲ್ಲಿ ಕಳಿಸಿದೆ, ನಂಬರ್ ಇದ್ದ ಜಾಗ ಅಳಿಸಿ. ಮಗನಿಗೆ 16 ಯಾವಾಗ ಅಂತ ಕೇಳಿದೆ.

"ಮುಂದಿನ ತಿಂಗಳು ಕಣ್ರೀ, ಯಾಕೆ?"

"ಹಾಗಾದ್ರೆ ಈ ವಾರವೇ ಕಳ್ಸಿಬಿಡಿ. 16 ತುಂಬಿದ್ರೆ ನೀವು ಕಳ್ಸೋ ಹಾಗಿಲ್ಲ. ಅವನೇ ಅರ್ಜಿ ಬರ್ದು, ಅವನೇ ಸೈನ್ ಹಾಕಿ, ಅವನೇ ಜೆರಾಕ್ಸ್ ತೆಗ್ಸಿ ಕಳಿಸ್ಬೇಕು."

"ಅವನಾ? ತಿಂದ ತಟ್ಟೆ ಸಿಂಕಿಗೆ ಹಾಕಲ್ಲ ಅವನು" ಅಂದರು. ಸೋಮವಾರವೇ ಪೋಸ್ಟ್ ಆಫೀಸಿನಿಂದ ಹಸಿರು ಕಾರ್ಡಿನ ಫೋಟೋ ಕಳಿಸಿ, ಇದರಲ್ಲಿ ಎಲ್ಲಿ ನಮ್ಮ ವಿಳಾಸ, ಎಲ್ಲಿ ಅವರದ್ದು ಅಂತ ಕೇಳಿದ್ದರು.